ದೇವರ ಭೂಮಿ: ವಾಚ್ಯಾರ್ಥವೂ ಲಕ್ಷ್ಯಾರ್ಥವೂ

ಕಾವೇರಿಯು ಮೈಸೂರು ಸೀಮೆಯ ಕಾಡುಗಳನ್ನು ದಾಟಿ ಧರ್ಮಪುರಿ ಜಿಲ್ಲೆಗೆ ಕಾಲಿಡುವ ಎಡೆಯಲ್ಲಿ ಕರಿಬಂಡೆಗಳ ನಡುವೆ ಧುಮುಕುತ್ತಾಳೆ. ಏಳುವ ತುಂತುರು ದೂರದಿಂದ ನೋಡುವವರಿಗೆ ಹೊಗೆಯಂತೆ ಕಾಣುವುದರಿಂದ ಕನ್ನಡಿಗರು ಆ ಸ್ಥಳಕ್ಕೆ ಹೊಗೆನಕಲ್ಲೆಂದು ಹೆಸರಿಟ್ಟರು. ತಮಿಳರು ಉಚ್ಚಾರಣೆಯನ್ನು ಕೊಂಚ ಸಡಿಲಿಸಿ ಅದೇ ಹೆಸರನ್ನು ಇರಿಸಿಕೊಂಡಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿಯಿರಲೇಬೇಕೆಂಬುದು ತರ್ಕಶಾಸ್ತ್ರದ ಮೊದಲನೆಯ ಪಾಠ. ಇಂಗ್ಲಿಷರ ಗಾದೆಯೂ ಅದನ್ನೇ ಹೇಳುತ್ತದೆ. ಆದರೂ ಆಡಿ ಹದಿನೆಂಟರ ದಿನ ಹೊಗೆನಕಲ್ಲಿಗೆ ಸ್ನಾನಕ್ಕೆ ಹೋಗುವ ಸಾವಿರಾರು ಮಂದಿಯಲ್ಲಿ ಒಬ್ಬನಾದರೂ ‘ಬೆಂಕಿಯೆಲ್ಲಿ?’ ಎಂದು ಹುಡುಕುವುದಿಲ್ಲ. ಅಕ್ಷರ ಬಾರದ ಮುದುಕಿಯೂ ಇಲ್ಲಿ ಹೊಗೆಯೆಂದರೆ ನೀರೆಂದೇ ತಿಳಿದು ಮುಳುಗು ಹಾಕುತ್ತಾಳೆ.

ಶಾಸ್ತ್ರಕಾರರು ಇದಕ್ಕೆ ಲಕ್ಷಣೆಯೆಂದು ಹೆಸರಿಟ್ಟಿರುವರು. ಶಬ್ದಕ್ಕೆ ಸಹಜವಾಗಿ ಇರತಕ್ಕ ಅರ್ಥ ವಾಚ್ಯಾರ್ಥ; ಅದು ಹೊಂದದಿದ್ದಾಗ ಅದನ್ನೇ ಆಶ್ರಯಿಸಿ ಹೊರಡುವ ಬೇರೆ ಅರ್ಥ ಲಕ್ಷ್ಯಾರ್ಥ. ಗಂಗೆಯಲ್ಲಿ ಗೊಲ್ಲರ ಹಟ್ಟಿಯಿದೆ ಎಂದರೆ ಯಾರೂ ಹೊಳೆಯ ನಡುನೀರಿನಲ್ಲಿ ಗುಡಿಸಲು ತೇಲುತ್ತಿದೆಯೆಂದು ಭಾವಿಸರು, ದಡದಲ್ಲಿದೆಯೆಂದು ತಿಳಿಯುವರು. ಕಾವ್ಯಪ್ರಕಾಶವನ್ನು ಬರೆದ ಮಮ್ಮಟನು ಲಕ್ಷಣೆಗೆ ಮೂರು ಷರತ್ತುಗಳನ್ನು ಹೇಳುತ್ತಾನೆ: ಮುಖ್ಯಾರ್ಥವು ಹೊಂದದೆ ಹೋಗಬೇಕು; ಹೊಸ ಅರ್ಥಕ್ಕೂ ಅದಕ್ಕೂ ಸಂಬಂಧವಿರಬೇಕು; ಹಾಗೆ ಹೇಳುವುದಕ್ಕೆ ರೂಢಿಯಾಗಲಿ ಪ್ರಯೋಜನವಾಗಲಿ ಇರಬೇಕು. ಈ ಮೂರನೆಯ ಷರತ್ತನ್ನು ಜನರು ಬೇಗ ಮರೆಯುತ್ತಾರೆ. ದಡವೆನ್ನದೆ ಗಂಗೆಯೆಂದೇ ಏಕೆ ಹೇಳಿದನು? ಆ ಹಟ್ಟಿಯ ತಂಪೂ ಪಾವಿತ್ರ್ಯವೂ ಕೇಳುವವನ ಮನಸ್ಸಿಗೆ ಬರಲೆಂದು. ಪ್ರಯೋಜನವನ್ನು ಬಿಟ್ಟರೆ ಲಕ್ಷಣೆಯು ಬರಿಯ ತಪ್ಪು ಮಾತಾಗಿ ಉಳಿಯುತ್ತದೆ. ತೇರಿನ ದಿನ ‘ಊರಿಗೆ ಊರೇ ಹಗ್ಗ ಹಿಡಿಯಿತು’ ಎನ್ನುವವನು ಮನೆ ಗೋಡೆಗಳು ಎದ್ದು ಬಂದುವೆಂದು ಹೇಳುತ್ತಿಲ್ಲ. ಯಾರೊಬ್ಬರೂ ಹಿಂದೆ ನಿಲ್ಲಲಿಲ್ಲವೆಂದು ಹೇಳುತ್ತಿದ್ದಾನೆ.

ಇಷ್ಟು ಬಲ್ಲ ಜನರು ಮುದ್ರೆಯೊತ್ತಿದ ಕಾಗದದಲ್ಲಿ ಇಂಗ್ಲಿಷ್ ಪದವೊಂದನ್ನು ಕಂಡಾಗ ಮಾತ್ರ ಏಕೋ ತಬ್ಬಿಬ್ಬಾಗುತ್ತಾರೆ. ಆ ಭಾಷೆಯಲ್ಲಿ ಪ್ರತಿಯೊಂದು ಪದಕ್ಕೂ ಒಂದೇ ಅಳತೆಯ, ಕಲ್ಲಿನಲ್ಲಿ ಕಡೆದಂತಹ ಅರ್ಥವಿರುವುದೆಂಬ ಭ್ರಮೆ ಈ ಸೀಮೆಯಲ್ಲಿ ಬಹಳ ದಿನಗಳಿಂದ ಇದೆ. ವಾಸ್ತವವಾಗಿ ಇಂಗ್ಲಿಷರ ನ್ಯಾಯಶಾಸ್ತ್ರದಷ್ಟು ಉಪಚಾರದ ಮಾತುಗಳು, ಎಂದರೆ ಒಂದರ ಧರ್ಮವನ್ನು ಇನ್ನೊಂದಕ್ಕೆ ಆರೋಪಿಸಿ ಆಡುವ ಮಾತುಗಳು, ಕಾವ್ಯದಲ್ಲಿಯೂ ಇರಲಾರವು. ‘ಆಕ್ಟ್ ಆಫ್ ಗಾಡ್’ ಎಂಬ ಮಾತನ್ನೇ ತೆಗೆದುಕೊಳ್ಳಬಹುದು. ಅಕ್ಷರಶಃ ಹೇಳುವುದಾದರೆ ಭಗವಂತನ ಕೃತ್ಯ. ಭಕ್ತನಿಗೆ ಮಳೆಯೂ ಭಗವಂತನದೇ, ಬೆಳೆಯೂ ಭಗವಂತನದೇ. ಭಗವಂತನದಲ್ಲದ ಕೃತ್ಯ ಯಾವುದು? ಆದರೆ ನ್ಯಾಯಾಲಯದಲ್ಲಿ ಆ ಮಾತಿಗೆ ದೇವರೊಡನೆ ಏನೂ ಸಂಬಂಧವಿಲ್ಲ. ಮನುಷ್ಯನು ಎಷ್ಟು ಎಚ್ಚರವಹಿಸಿದ್ದರೂ ತಡೆಯಲಾಗದಿದ್ದ ಪ್ರವಾಹ, ಸಿಡಿಲು, ಭೂಕಂಪ ಮುಂತಾದುವು ಎಂದಷ್ಟೇ ಅದರ ತಾತ್ಪರ್ಯ.

ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಅತಿವೃಷ್ಟಿಯಿಂದ ಒಡೆದು, ಮದರಾಸ್ ರೈಲ್ವೆ ಕಂಪನಿಗೆ ನಷ್ಟವಾಯಿತು. ಕಂಪನಿಯು ಜಮೀನ್ದಾರರ ಮೇಲೆ ಹೂಡಿದ ವ್ಯಾಜ್ಯವು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ ೧೮೭೪ರಲ್ಲಿ ತೀರ್ಮಾನವಾಯಿತು. ಜಮೀನ್ದಾರರು ಹೊಣೆಯಲ್ಲವೆಂದು ತೀರ್ಪಾಯಿತು ನಿಜ. ಆದರೆ ಮಳೆಯು ದೈವಕೃತವೆಂದ ಮಾತ್ರಕ್ಕೆ ಅವರು ಪಾರಾಗಲಿಲ್ಲ. ಕೆರೆಗಳನ್ನು ಕ್ರಮವಾಗಿ ನೋಡಿಕೊಂಡಿದ್ದರು, ಅವರ ಕಡೆಯಿಂದ ಅಜಾಗರೂಕತೆಯಿರಲಿಲ್ಲ ಎಂದು ಕಂಡುಬಂದುದರಿಂದ ಪಾರಾದರು. ಏರಿಗೆ ಮಣ್ಣು ಹಾಕದೆ, ತೂಬನ್ನು ನೋಡದೆ, ಕೆರೆ ಒಡೆದ ಮೇಲೆ ‘ಎಲ್ಲಾ ದೇವರಾಟ’ ಎನ್ನುವವನು ಇಂಗ್ಲಿಷಿನ ಲಕ್ಷಣೆಯನ್ನು ತನಗೆ ಅನುಕೂಲವಾದ ವಾಚ್ಯಾರ್ಥಕ್ಕೆ ತಿರುಗಿಸಿಕೊಂಡು, ತನ್ನ ಹೊಣೆಯನ್ನು ದೇವರ ಹೆಗಲಿಗೆ ವರ್ಗಾಯಿಸುತ್ತಾನೆ.

ಇದೇ ವರ್ಗಾವಣೆಯು ದೇವಾಲಯದ ಸೊತ್ತಿನ ವಿಷಯದಲ್ಲಿ ನಡೆದಾಗ ಅದು ಧರ್ಮಪ್ರಶ್ನೆಯಾಗುತ್ತದೆ.

ಬಾರಾಮಹಲು ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟೀಪೂ ಸುಲ್ತಾನನಿಂದ ಕಂಪನಿಯ ಕೈಗೆ ಹೋಯಿತು. ಹೊಸೂರಿನ ಕಡೆಯ ಗಡಿನಾಡು ೧೭೯೯ರಲ್ಲಿ ಸೇರಿತು. ಕ್ಯಾಪ್ಟನ್ ರೀಡನೂ ಅವನ ಸಹಾಯಕನಾಗಿದ್ದ ಥಾಮಸ್ ಮನ್ರೋ ಮೊದಲಾದವರೂ ಊರೂರು ತಿರುಗಿ ಹೊಲಗಳನ್ನು ಅಳೆಯಿಸಿ ಲೆಕ್ಕ ಬರೆಯಿಸಿದರು. ಅದಕ್ಕೆ ಮುಂಚೆ ದೇವರಿಗೆ ಬಿಟ್ಟ ಭೂಮಿಗೆ ಕಲ್ಲಿನ ಶಾಸನವೇ ದಾಖಲೆ. ದಾನಕ್ಕೆ ಅಳುಪಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪವೇ ಅದರ ಕಾವಲು. ಆ ಅರುವತ್ತು ಸಾವಿರವು ಎಣಿಕೆಯೋ ಅತಿಶಯೋಕ್ತಿಯೋ ಎಂದು ಕೇಳುವ ಧೈರ್ಯ ಆ ಕಾಲದ ರೈತನಿಗಿರಲಿಲ್ಲ. ಅವನ ಅಂಜಿಕೆ ಮಾತ್ರ ನಿಜವಾಗಿತ್ತು. ಕಂಪನಿಯವರು ೧೮೧೭ರ ಏಳನೆಯ ರೆಗ್ಯುಲೇಷನ್ನಿನಿಂದ ದೇವಸ್ಥಾನಗಳ ದತ್ತಿಗಳನ್ನು ರೆವಿನ್ಯೂ ಬೋರ್ಡಿನ ಮೇಲ್ವಿಚಾರಣೆಗೆ ತಂದರು. ೧೮೬೩ರಲ್ಲಿ ಅದನ್ನು ಕೈಬಿಟ್ಟು ಸ್ಥಳೀಯ ಸಮಿತಿಗಳಿಗೆ ಒಪ್ಪಿಸಿದರು. ಕಾಲಕ್ರಮದಲ್ಲಿ ಮದರಾಸಿನ ಶಾಸನಸಭೆಯ ಕಾಯಿದೆಗಳು ಬಂದುವು. ಇಂದು ತಮಿಳುನಾಡಿನಲ್ಲಿ ನಡೆಯುತ್ತಿರುವುದು ೧೯೫೯ರ ಹಿಂದೂ ಧಾರ್ಮಿಕ ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆ. ಹೀಗೆ ಶಾಪದ ಮಾತು ಹಿಂದೆ ಸರಿದು, ‘ಓನರ್’, ‘ಪರ್ಸನ್’, ‘ಮೈನರ್’, ‘ಟ್ರಸ್ಟಿ’ ಎಂಬ ಮಾತುಗಳು ಗರ್ಭಗುಡಿಯ ಬಾಗಿಲಿಗೆ ಬಂದು ನಿಂತುವು.

ಇವುಗಳಲ್ಲಿ ‘ಪರ್ಸನ್’ ಎಂಬುದು ಮೊದಲನೆಯದು. ಪ್ರತಿಷ್ಠೆಯಾದ ವಿಗ್ರಹವು ನ್ಯಾಯದ ದೃಷ್ಟಿಯಲ್ಲಿ ಒಬ್ಬ ‘ವ್ಯಕ್ತಿ’. ಸೊತ್ತನ್ನು ಹೊಂದಬಹುದು, ದಾವೆ ಹೂಡಬಹುದು, ದಾವೆಗೆ ಗುರಿಯಾಗಬಹುದು. ಕಲ್ಕತ್ತೆಯ ಮಲ್ಲಿಕ್ ಮನೆತನದ ದೇವರ ವಿಷಯವಾಗಿ ೧೯೨೫ರಲ್ಲಿ ಪ್ರಿವಿ ಕೌನ್ಸಿಲು, ವಿಗ್ರಹವು ಪಾತ್ರೆಪದಾರ್ಥಗಳಂತೆ ಅಲ್ಲಿಂದಿಲ್ಲಿಗೆ ಎತ್ತಿಡುವ ಚರವಸ್ತುವಲ್ಲವೆಂದೂ, ಎಲ್ಲಿರಬೇಕೆಂಬ ವಿಷಯದಲ್ಲಿ ದೇವರ ಇಚ್ಛೆಯನ್ನೂ ಗಣಿಸಬೇಕೆಂದೂ ಹೇಳಿತು. ಭಕ್ತರಿಗೆ ಇದನ್ನು ಕೇಳಿ ಸಂತೋಷವಾದೀತು. ಆದರೆ ಅದೇ ನ್ಯಾಯವು ಕಂಪನಿಯನ್ನೂ ಪುರಸಭೆಯನ್ನೂ ‘ವ್ಯಕ್ತಿ’ಯೆಂದೇ ಕರೆಯುತ್ತದೆ! ಇನ್ನೊಂದು ವ್ಯಾಜ್ಯದಲ್ಲಿ, ಆದಾಯ ತೆರಿಗೆಯ ಕಾನೂನಿನಲ್ಲಿ ‘ಇಂಡಿವಿಜುಯಲ್’ ಎಂದಿರುವುದು ದೇವರಿಗೂ ಅನ್ವಯಿಸುತ್ತದೆಯೆ ಎಂಬ ಪ್ರಶ್ನೆ ಬಂದು, ಅನ್ವಯಿಸುತ್ತದೆಯೆಂದು ಸುಪ್ರೀಂ ಕೋರ್ಟು ೧೯೬೯ರಲ್ಲಿ ತೀರ್ಮಾನಿಸಿತು. ಆಗ ನ್ಯಾಯಮೂರ್ತಿಗಳು ಒಂದು ವಿವೇಕದ ಮಾತನ್ನು ಸೇರಿಸಿದರು: ಪರಮಾತ್ಮನು ಕಾನೂನಿನ ವ್ಯಕ್ತಿಯಾಗಲಾರನು, ದಾನಿಯ ಧರ್ಮಸಂಕಲ್ಪಕ್ಕೆ ಪ್ರತಿನಿಧಿಯಾಗಿ ನಿಂತಿರುವ ಮಟ್ಟಿಗೆ ಮಾತ್ರ ದೇವತಾಮೂರ್ತಿಯು ವ್ಯಕ್ತಿ ಎಂಬುದು ಅದರ ತಾತ್ಪರ್ಯ. ತೆರಿಗೆಯ ಚೀಟಿಯು ವೈಕುಂಠಕ್ಕೆ ಹೋಗಲಿಲ್ಲ. ದತ್ತಿಯ ಹಣವಿದ್ದ ಪೆಟ್ಟಿಗೆಯ ಬಳಿಗೆ ಹೋಯಿತು.

‘ಮೈನರ್’ ಎಂಬ ಪದವು ಇದಕ್ಕಿಂತ ಸ್ವಾರಸ್ಯವಾದುದು. ತಮಿಳು ಬಲ್ಲ ಹಳ್ಳಿಗರಿಗೆ ಮೈನರೆಂದರೆ ಜರಿ ಅಂಚಿನ ವೇಷ್ಟಿಯುಟ್ಟು, ಕೊರಳಿಗೆ ಚಿನ್ನದ ಸರ ಹಾಕಿ, ಅಪ್ಪನ ಆಸ್ತಿಯನ್ನು ಕರಗಿಸುತ್ತ ತಿರುಗುವ ಶೋಕಿಯ ಯುವಕನೆಂದೇ ನೆನಪಾಗುವುದು. ನಾಟಕ ಸಿನಿಮಾಗಳು ಆ ಅರ್ಥವನ್ನು ನೆಲೆಗೊಳಿಸಿವೆ. ಕಾನೂನಿನಲ್ಲಿ ಮೈನರೆಂದರೆ ಪ್ರಾಪ್ತವಯಸ್ಕನಲ್ಲದವನು. ದೇವರು ಮೈನರೆಂದು ಕೋರ್ಟಿನಲ್ಲಿ ಹೇಳಿದರಂತೆ ಎಂಬ ಸುದ್ದಿ ಅರಳಿಕಟ್ಟೆಗೆ ಬಂದಾಗ ಕೆಲವರು ನಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಅನಾದಿಯಾದವನಿಗೆ ಹದಿನೆಂಟು ತುಂಬಿಲ್ಲವೆ?

ಸಿಟ್ಟಾಗತಕ್ಕವರು ಈ ಜೀರ್ಣೋದ್ಧಾರದಲ್ಲಿಯೇ ನಡೆಯುವ ಒಂದು ವಿಧಿಯನ್ನು ಯೋಚಿಸಬೇಕು. ಗರ್ಭಗುಡಿಯ ಕೆಲಸ ಮುಗಿಯುವವರೆಗೆ ಮೂಲಮೂರ್ತಿಯ ಕಲೆಯನ್ನು ಆಕರ್ಷಿಸಿ ಬೇರೆಡೆಯಲ್ಲಿ ಇರಿಸಿ ಪೂಜಿಸುತ್ತಾರೆ. ಅದಕ್ಕೆ ಬಾಲಾಲಯವೆಂದು ಹೆಸರು. ತಮಿಳಿನ ಲಿಪಿಯಲ್ಲಿ ‘ಪ’ಕಾರಕ್ಕೂ ‘ಬ’ಕಾರಕ್ಕೂ ಒಂದೇ ಅಕ್ಷರವಾದುದರಿಂದ ಅದನ್ನು ಹಾಲಿನ ಆಲಯವೆಂದು ಓದಿಕೊಳ್ಳುವ ಮಕ್ಕಳೂ ಉಂಟು. ಬಾಲವೆಂಬ ಮಾತಿಗೆ ಇಲ್ಲಿ ಚಿಕ್ಕದು, ತಾತ್ಕಾಲಿಕವಾದುದು ಎಂದಷ್ಟೇ ಅರ್ಥ. ಬಾಲಾಲಯವಾದ ದಿನದಿಂದ ಸ್ವಾಮಿಯು ಬಾಲಕನಾದನೆಂದು ಯಾವ ಅರ್ಚಕನೂ ಭಾವಿಸಿ ಪೂಜೆಯನ್ನು ಕಡಿಮೆ ಮಾಡುವುದಿಲ್ಲ. ಮೈನರೆಂಬುದೂ ಅದೇ ಜಾತಿಯ ಮಾತು.

ಅದು ಹುಟ್ಟಿದ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುವುದು. ದೇವರ ಸೊತ್ತನ್ನು ನೋಡಿಕೊಳ್ಳುವವನು ಪೂಜೆಯ ಅವಶ್ಯಕತೆಗಾಗಿ ಸಾಲ ಮಾಡಬಹುದೆ ಎಂಬ ಪ್ರಶ್ನೆಗೆ ೧೮೭೫ರಲ್ಲಿ ಪ್ರಿವಿ ಕೌನ್ಸಿಲು, ಎಳೆಯ ವಾರಸುದಾರನ ಆಸ್ತಿಯನ್ನು ನೋಡಿಕೊಳ್ಳುವವನಿಗೆ ಎಷ್ಟು ಅಧಿಕಾರವಿದೆಯೋ ಇವನಿಗೂ ಅದಕ್ಕೆ ಸದೃಶವಾದ ಅಧಿಕಾರವಿದೆ ಎಂದಿತು. ಹೋಲಿಕೆಯು ನೋಡಿಕೊಳ್ಳುವವನ ಮಿತಿಯನ್ನು ತಿಳಿಸುವುದಕ್ಕಾಗಿ ಬಂದಿತೇ ಹೊರತು ದೇವರ ವಯಸ್ಸನ್ನು ತಿಳಿಸುವುದಕ್ಕಲ್ಲ. ೧೯೬೭ರಲ್ಲಿ ಸುಪ್ರೀಂ ಕೋರ್ಟು ಇದೇ ಹೋಲಿಕೆಯನ್ನು ಮುಂದುವರಿಸಿ, ಕಾಪಾಡಬೇಕಾದವನೇ ದೇವರ ಸೊತ್ತನ್ನು ಕೈಬಿಟ್ಟಾಗ ಆ ದೇವರನ್ನು ಪೂಜಿಸುವ ಭಕ್ತನೊಬ್ಬನು ದೇವರ ಪರವಾಗಿ ದಾವೆ ಹೂಡಬಹುದೆಂದು ಹೇಳಿತು. ಮಗುವು ತನ್ನ ಆಸ್ತಿಗಾಗಿ ಬಾಯಿಬಿಟ್ಟು ಕೇಳಲಾರದು. ಆದುದರಿಂದ ಹತ್ತಿರದವರು ಕೇಳಬೇಕು. ಉಪಮೆಯ ಪ್ರಯೋಜನ ಇಲ್ಲಿಗೆ ಮುಗಿಯಿತು.

ಮುಗಿಯಿತೆಂದು ಒಪ್ಪದವರೂ ಇದ್ದರು. ಮೈನರನ ವಿಷಯದಲ್ಲಿ ಕಾಲಮಿತಿಯ ಕಾನೂನು ರಿಯಾಯಿತಿ ತೋರಿಸುತ್ತದೆ. ಪ್ರಾಪ್ತವಯಸ್ಕನಾದ ಮೇಲೆ ಅವನು ದಾವೆ ಹೂಡಬಹುದು. ದೇವರು ಎಂದೆಂದಿಗೂ ಮೈನರಾಗಿದ್ದರೆ, ನೂರು ವರ್ಷಗಳಾದರೂ ಇನ್ನೂರು ವರ್ಷಗಳಾದರೂ ದೇವರ ದಾವೆಗೆ ಅವಧಿಯೇ ಮೀರುವುದಿಲ್ಲವಲ್ಲ! ವಾಚ್ಯಾರ್ಥವನ್ನು ಹಿಡಿದು ನಡೆದರೆ ಈ ತೀರ್ಮಾನಕ್ಕೇ ಬರಬೇಕು. ಈ ವಾದವನ್ನು ೨೦೧೯ರ ನವೆಂಬರಿನಲ್ಲಿ ಅಯೋಧ್ಯೆಯ ವ್ಯಾಜ್ಯವನ್ನು ತೀರಿಸಿದ ಐವರು ನ್ಯಾಯಮೂರ್ತಿಗಳ ಪೀಠವು ಒಪ್ಪಲಿಲ್ಲ. ಮೈನರೆಂಬ ಕಲ್ಪನೆಯಿಂದಲೇ ಕಾಲಮಿತಿಯು ದೇವರಿಗೆ ತಗಲದೆಂದು ಹೇಳಲಾಗದೆಂಬುದು ಅವರ ಅಭಿಪ್ರಾಯ. ಮದರಾಸಿನ ಶಾಸನಕರ್ತರು ಇದನ್ನು ಮೊದಲೇ ಊಹಿಸಿದ್ದರೋ ಏನೋ! ೧೯೫೯ರ ಕಾಯಿದೆಯ ೧೦೯ನೆಯ ಕಲಮನ್ನು ಬರೆಯುವಾಗ ಅವರು ಉಪಮೆಯನ್ನು ನೆಚ್ಚಿ ಕೂರಲಿಲ್ಲ. ೧೯೫೧ನೆಯ ಸೆಪ್ಟೆಂಬರ್ ೩೦ಕ್ಕೆ ಮುಂಚೆ ಒಬ್ಬನ ಪಾಲಾಗದಿದ್ದ ದೇವಸ್ಥಾನದ ಸೊತ್ತು ಆಮೇಲೆ ಕಾಲ ಕಳೆದ ಮಾತ್ರದಿಂದ ಅವನ ಪಾಲಾಗದೆಂದು ನೇರವಾದ ಮಾತಿನಲ್ಲಿ ಬರೆದರು. ಬಿಗಿ ಬೇಕಾದ ಎಡೆಯಲ್ಲಿ ಅಲಂಕಾರವನ್ನು ಬಿಡುವುದು ಒಳ್ಳೆಯ ಲೆಕ್ಕಿಗನ ಪದ್ಧತಿ.

‘ಟ್ರಸ್ಟಿ’ಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ, ಅದರ ಕಥೆ ಮೂರು ತೀರ್ಮಾನಗಳಲ್ಲಿ ಮುಗಿಯುತ್ತದೆ. ಮದರಾಸ್ ಪ್ರಾಂತದ ಒಂದು ಮಠದ ವ್ಯಾಜ್ಯದಲ್ಲಿ ೧೯೨೧ರಲ್ಲಿ, ಮಠಾಧಿಪತಿಯು ಇಂಗ್ಲಿಷರ ಅರ್ಥದ ಟ್ರಸ್ಟಿಯಲ್ಲ, ಆ ಕಲ್ಪನೆಯೇ ಹಿಂದೂ ಧರ್ಮಶಾಸ್ತ್ರಕ್ಕೆ ಹೊರಗಿನದು ಎಂದು ಪ್ರಿವಿ ಕೌನ್ಸಿಲು ಹೇಳಿತು. ಮರುವರ್ಷವೇ ದಕ್ಷಿಣದೇಶದ ಧರ್ಮಕರ್ತನ ಪ್ರಶ್ನೆ ಬಂದಿತು. ಧರ್ಮಕರ್ತ ಎಂಬ ಪದವನ್ನು ಬಿಡಿಸಿ ನೋಡಿದರೆ ಧರ್ಮಕಾರ್ಯವನ್ನು ನಡೆಸತಕ್ಕವನು ಎಂದಷ್ಟೇ ಆಗುತ್ತದೆ. ಅವನು ಮಠಾಧಿಪತಿಯಂತೆ ಸ್ವಂತ ಹಕ್ಕಿರುವವನಲ್ಲ, ಬರಿಯ ಟ್ರಸ್ಟಿಗಿಂತ ಮೇಲಿನವನಲ್ಲ ಎಂದು ತೀರ್ಪಾಯಿತು. ಒಂದೇ ನ್ಯಾಯಪೀಠವು ಒಂದು ಕಡೆ ಇಂಗ್ಲಿಷ್ ಪದವನ್ನು ಅಕ್ಷರಶಃ ಅನ್ವಯಿಸಲು ಒಪ್ಪಲಿಲ್ಲ, ಇನ್ನೊಂದು ಕಡೆ ಸಂಸ್ಕೃತ ಪದವನ್ನು ಅಕ್ಷರಶಃ ಓದಿ ಹಿಡಿದುಕೊಂಡಿತು. ಎರಡೂ ಸರಿಯಾಗಿಯೇ ಇವೆ. ಕಡೆಗೆ ೧೯೨೯ರಲ್ಲಿ ಕಾಲಮಿತಿಯ ಕಾಯಿದೆಗೆ ತಿದ್ದುಪಡಿ ತಂದು, ಧಾರ್ಮಿಕ ದತ್ತಿಯ ಸೊತ್ತನ್ನು ಆ ಕಲಮಿನ ಮಟ್ಟಿಗೆ ಟ್ರಸ್ಟಿನ ಸೊತ್ತೆಂದೂ, ನೋಡಿಕೊಳ್ಳುವವನನ್ನು ಟ್ರಸ್ಟಿಯೆಂದೂ ‘ಭಾವಿಸತಕ್ಕದ್ದು’ ಎಂದು ಸೇರಿಸಿದರು. ಸರಕಾರದ ಕಾಗದಗಳಲ್ಲಿ ಪದೇ ಪದೇ ಬರುವ ಈ ‘ಭಾವಿಸತಕ್ಕದ್ದು’ ಎಂಬುದು ಇಂಗ್ಲಿಷಿನ ‘ಡೀಮ್ಡ್’ ಎಂಬ ಪದದ ಅನುವಾದ. ಹಾಗಿಲ್ಲವೆಂದು ಬಲ್ಲೆವು, ಆದರೆ ಇಂತಹ ಕಾರ್ಯಕ್ಕಾಗಿ ಹಾಗೆಯೇ ನಡೆಯತಕ್ಕದ್ದು ಎಂಬುದೇ ಅದರ ಒಳಗಿನ ಮಾತು. ಲಕ್ಷಣೆಗೆ ಇದಕ್ಕಿಂತ ಪ್ರಾಮಾಣಿಕವಾದ ಹೆಸರು ಯಾವ ಭಾಷೆಯಲ್ಲಿಯೂ ಇರಲಾರದು. ‘ಫಿಟ್ ಪರ್ಸನ್’ ಎಂಬ ಇನ್ನೊಂದು ಮಾತೂ ಇದೆ. ಧರ್ಮಕರ್ತರಿಲ್ಲದ ಸಮಯದಲ್ಲಿ ಅವರ ಕೆಲಸ ನೋಡಲು ನೇಮಿಸಲ್ಪಟ್ಟವನಿಗೆ ಆ ಹೆಸರು. ತಮಿಳಿನಲ್ಲಿ ಅದನ್ನೇ ‘ತಕ್ಕಾರ್’ ಎಂದು ಬೋರ್ಡಿನ ಮೇಲೆ ಬರೆದಿರುತ್ತಾರೆ. ಅದನ್ನೋದಿ ಊರಿನ ಉಳಿದವರೆಲ್ಲ ಅಯೋಗ್ಯರೆಂದು ಸರಕಾರವೇ ಸಾರಿತೆಂದು ಮುನಿಸಿಕೊಳ್ಳುವ ಹಿರಿಯರಿಲ್ಲದಿಲ್ಲ.

ಇನ್ನು ಉಳಿದುದು ‘ಓನರ್’. ಇಲ್ಲಿಯೇ ವಿಷಯದ ತಿರುಳಿದೆ. ದೇವರ ಭೂಮಿಗೆ ದೇವರು ಒಡೆಯನೆ?

ಇಂಗ್ಲಿಷರು ಬರುವುದಕ್ಕೆ ಎಷ್ಟೋ ಶತಮಾನಗಳ ಹಿಂದೆ ಮೀಮಾಂಸಾಸೂತ್ರಗಳಿಗೆ ಭಾಷ್ಯವನ್ನು ಬರೆದ ಶಬರಸ್ವಾಮಿಯು ಈ ಪ್ರಶ್ನೆಯನ್ನು ಒಂಬತ್ತನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಎತ್ತಿಕೊಂಡಿದ್ದಾನೆ. ದೇವಗ್ರಾಮ, ದೇವಕ್ಷೇತ್ರ ಎಂದು ಜನರು ಹೇಳುತ್ತಾರಲ್ಲ, ಅಂದಮೇಲೆ ದೇವತೆಗಳಿಗೆ ಊರೂ ಹೊಲವೂ ಇವೆಯಷ್ಟೆ ಎಂದು ಪೂರ್ವಪಕ್ಷ. ಅದು ಕೇವಲ ಉಪಚಾರದ ಮಾತು ಎಂದು ಶಬರನ ಉತ್ತರ. ಯಾವನು ಒಂದು ವಸ್ತುವನ್ನು ತನ್ನ ಇಷ್ಟದಂತೆ ಬಳಸಬಲ್ಲನೋ ಅವನದು ಆ ವಸ್ತು. ದೇವತೆಯು ಊರನ್ನಾಗಲಿ ಹೊಲವನ್ನಾಗಲಿ ಇಷ್ಟದಂತೆ ಬಳಸುವುದು ಕಾಣುವುದಿಲ್ಲ. ದೇವತೆಗಳು ಜೇನಿನಂತೆ ನೈವೇದ್ಯದ ಸಾರವನ್ನು ಮಾತ್ರ ಹೀರುತ್ತಾರೆ, ಅದಕ್ಕೇ ಇಟ್ಟ ಅನ್ನ ರುಚಿಗೆಡುತ್ತದೆ ಎಂದು ಎದುರಾಳಿ ಹೇಳಿದರೆ, ಗಾಳಿ ತಗಲಿ ಆರಿಹೋದ ಅನ್ನ ರುಚಿಗೆಡದೆ ಇನ್ನೇನು ಎಂದುಬಿಡುತ್ತಾನೆ! ವೇದವೇ ಪರಮಪ್ರಮಾಣವೆಂದು ಬಾಳಿದ ವೈದಿಕನ ಮಾತಿದು, ನಾಸ್ತಿಕನದಲ್ಲ. ದೇವತೆಗಳಿಗೆ ಶರೀರವಿಲ್ಲವೆಂಬ ಮೀಮಾಂಸಕರ ಮತವನ್ನು ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಒಪ್ಪಲಿಲ್ಲವೆಂಬುದನ್ನೂ ಜೊತೆಗೇ ಹೇಳಬೇಕು. ಆದರೆ ಹೊಲದ ಒಡೆತನದ ಪ್ರಶ್ನೆಗೆ ಶಬರನ ತರ್ಕವೇ ಇಂದಿಗೂ ಬದುಕಿದೆ.

ಹೇಗೆಂದರೆ, ೧೯೫೬ರಲ್ಲಿ ಉತ್ತರಪ್ರದೇಶದ ಒಂದು ಹಳ್ಳಿಯ ದೇವಸ್ಥಾನವು ಮನೆತನದ್ದೋ ಸಾರ್ವಜನಿಕರದೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಬಂದಾಗ, ತೀರ್ಪನ್ನು ಬರೆದ ನ್ಯಾಯಮೂರ್ತಿ ಟಿ. ಎಲ್. ವೆಂಕಟರಾಮ ಅಯ್ಯರ್ ಅವರು ಶಬರನ ಈ ಮಾತನ್ನೇ ಎತ್ತಿ ಹೇಳಿದರು. ಅವರು ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಆಳವಾಗಿ ಬಲ್ಲ ಸಂಗೀತ ವಿದ್ವಾಂಸರೂ ಹೌದು; ದೇವರ ಮೇಲೆ ಭಕ್ತಿ ಸಾಲದೆ ಹಾಗೆ ಬರೆದರೆಂದು ಯಾರೂ ಹೇಳಲಾರರು. ದೇವರ ಒಡೆತನವು ಆದರ್ಶದ ಅರ್ಥದಲ್ಲಿ ಮಾತ್ರ. ದತ್ತಿಯ ಫಲವನ್ನು ಪಡೆಯತಕ್ಕವರು ದೇವರಲ್ಲ, ಆ ದೇವರನ್ನು ಪೂಜಿಸುವ ಜನರು ಎಂಬುದು ಅವರ ತೀರ್ಮಾನದ ಸಾರ. ಫಲ ಪಡೆಯತಕ್ಕವರು ಸಾರ್ವಜನಿಕರಾದರೆ ಗುಡಿಯೂ ಸಾರ್ವಜನಿಕರದೇ. ಮಮ್ಮಟನ ಮೂರನೆಯ ಷರತ್ತು ಇಲ್ಲಿ ನೆರವೇರಿತು. ದೇವರ ಹೊಲವೆಂಬ ಲಕ್ಷಣೆಯ ಪ್ರಯೋಜನವೇನು? ಅದು ಯಾವ ಒಬ್ಬ ಮನುಷ್ಯನದೂ ಅಲ್ಲವೆಂಬುದನ್ನು, ಯಾರೂ ಮೀರಲಾಗದ ಹೆಸರಿನಲ್ಲಿ, ಎಲ್ಲರಿಗಾಗಿ ಹೇಳುವುದು.

ಹಾಗಾದರೆ ವಾಚ್ಯಾರ್ಥವನ್ನು ನಂಬುವವನು ದಡ್ಡನೆ? ಹಾಗೆ ಹೇಳಲು ನಾಲಗೆ ಬಾರದು. ಹರಿಹರನು ರಗಳೆಯಲ್ಲಿ ಹಾಡಿದ ಕೋಳೂರಿನ ಕೊಡಗೂಸು, ಊರಿಗೆ ಹೋಗುವ ತಂದೆಯು ದೇವರಿಗೆ ಹಾಲು ಕುಡಿಸೆಂದುದನ್ನು ಅಕ್ಷರಶಃ ನಂಬಿದಳು. ತಂದೆಯು ನೈವೇದ್ಯ ಮಾಡೆಂಬ ಅರ್ಥದಲ್ಲಿ ಹೇಳಿದ್ದನು. ಮಗುವು ಕಲ್ಲಿನಾಥನು ಕುಡಿಯಲೇಬೇಕೆಂದು ಹಟ ಹಿಡಿದು ಅತ್ತಳು, ಕುಡಿಸಿಯೇ ಬಿಟ್ಟಳು. ತಿರುನಾರೈಯೂರಿನ ಪಿಳ್ಳೆಯಾರ್ ಗುಡಿಯಲ್ಲಿ ಬಾಲಕನಾಗಿದ್ದ ನಂಬಿಯಾಂಡಾರ್ ನಂಬಿಯ ಕಥೆಯೂ ಇಂತಹುದೇ. ಕನ್ನಡವನ್ನೂ ತಮಿಳನ್ನೂ ಬಲ್ಲ ಈ ಸೀಮೆಯ ಜನರು ಎರಡು ಕಥೆಗಳನ್ನೂ ಕೇಳಿ ಕಣ್ಣೊರಸಿಕೊಂಡವರು. ಶಬರನ ಶಾಸ್ತ್ರವನ್ನು ಆ ಮಕ್ಕಳಿಗೆ ಓದಿ ಹೇಳುವುದಾಗುತ್ತದೆಯೆ?

ಆಗುವುದಿಲ್ಲ. ಆದರೆ ಒಂದು ಭೇದವನ್ನು ಗಮನಿಸಬೇಕು. ಕೊಡಗೂಸು ವಾಚ್ಯಾರ್ಥವನ್ನು ಹಿಡಿದುದರಿಂದ ಅವಳಿಗೆ ಹೆಚ್ಚಿದುದು ಹೊಣೆ. ಹಾಲು ಕಾಯಿಸಿದವಳು ಅವಳು, ಹೊತ್ತವಳು ಅವಳು, ದೇವರು ಕುಡಿಯದಿದ್ದರೆ ಎದೆಯೊಡೆದುಕೊಳ್ಳಲು ಸಿದ್ಧಳಾದವಳೂ ಅವಳೇ. ಲಕ್ಷ್ಯಾರ್ಥವನ್ನು ಹಿಡಿದಿದ್ದರೆ ಹಾಲನ್ನು ತೋರಿಸಿ ತಾನು ಕುಡಿದು ಬರಬಹುದಾಗಿತ್ತು. ಇದಕ್ಕೆ ವಿರುದ್ಧವಾಗಿ, ದೇವರ ಹೊಲವನ್ನು ಗುತ್ತಿಗೆಗೆ ಹಿಡಿದವನೊಬ್ಬನನ್ನು ಊಹಿಸಿಕೊಳ್ಳಬಹುದು. ಅಂತಹವನನ್ನು ಕಾಣದ ಊರು ಅಪರೂಪ. ಗುತ್ತಿಗೆಯ ಹಣವನ್ನು ಕೇಳಲು ಹೋದರೆ, ‘ಸ್ವಾಮಿಯ ಭೂಮಿ, ಸ್ವಾಮಿಯೇ ಬಂದು ಕೇಳಲಿ, ಕೊಡುತ್ತೇನೆ’ ಎನ್ನುತ್ತಾನೆ. ಅಂದು ಅವನು ವಾಚ್ಯಾರ್ಥವಾದಿ. ಸಾಗುವಳಿಯ ಹೆಸರಿನಲ್ಲಿ ಬದುವನ್ನು ಒತ್ತಿ ಪಕ್ಕದ ದೇವರ ಹೊಲಕ್ಕೂ ನೇಗಿಲು ಹೂಡಿದಾಗ, ‘ಕಲ್ಲುದೇವರಿಗೆ ಹೊಲವೇಕೆ? ಸುಮ್ಮನೆ ಹೇಳುವ ಮಾತು’ ಎನ್ನುತ್ತಾನೆ. ಅಂದು ಅವನು ಶಬರಸ್ವಾಮಿಯ ಶಿಷ್ಯ! ಅವನಿಗೆ ಅರ್ಥದ ಪ್ರಶ್ನೆಯೇ ಇಲ್ಲ; ಯಾವ ಅರ್ಥವು ತನ್ನ ಚೀಲವನ್ನು ತುಂಬುವುದೋ ಅದೇ ಅರ್ಥ. ಹುಂಡಿಯ ಹಣವನ್ನು ಮನೆಯ ಪೆಟ್ಟಿ ಸೇರಿಸಿ, ದೇವರ ಹಣ ದೇವರ ಸೇವಕನ ಬಳಿಯೇ ಇದೆಯಲ್ಲ ಎನ್ನುವ ಆಡಳಿತಗಾರನೂ ಅದೇ ಗುಂಪಿನವನು. ತೀರಾ ದೊಡ್ಡ ದಾನಿಯೊಬ್ಬನು ಸರ್ವವೂ ಸ್ವಾಮಿಯದೇ ಎಂದು ಸಭೆಯಲ್ಲಿ ಘೋಷಿಸಿ, ಬರೆದುಕೊಟ್ಟ ಮೊತ್ತವನ್ನು ಮೂರು ವರ್ಷ ಕೊಡದೆ ಉಳಿಸಿಕೊಂಡರೆ, ಅವನ ‘ಸರ್ವವೂ’ ಎಂಬ ಮಾತನ್ನು ಯಾವ ಅಲಂಕಾರಕ್ಕೆ ಸೇರಿಸಬೇಕೆಂಬುದನ್ನು ಪಂಡಿತರೇ ಹೇಳಬೇಕು.

ಪರೀಕ್ಷೆಯು ಇಷ್ಟು ಸುಲಭವಾಗಿರುವಾಗ ವಾಚ್ಯಾರ್ಥ ಮೇಲೋ ಲಕ್ಷ್ಯಾರ್ಥ ಮೇಲೋ ಎಂಬ ವಾದ ಎಷ್ಟು ಬೆಳೆದರೂ ಪ್ರಯೋಜನವಿಲ್ಲ. ಇಂದು ಒಂದು ಅರ್ಥವನ್ನು ಹಿಡಿದವನು ನಾಳೆ ಅದರಿಂದ ತನಗೆ ನಷ್ಟವಾದಾಗಲೂ ಅದನ್ನೇ ಹಿಡಿದಿರುವನೋ ಎಂದು ನೋಡಿದರೆ ಸಾಕು. ಶಬರನ ಮತವನ್ನು ಒಪ್ಪುವವನು ಹೊಲ ದೇವರದಲ್ಲ, ಊರವರೆಲ್ಲರದು ಎಂದು ತಿಳಿದು ಊರವರೆಲ್ಲರಿಗೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಕೊಡಗೂಸಿನ ಮತವನ್ನು ಒಪ್ಪುವವನು ಹೊಲ ನಿಜವಾಗಿ ಸ್ವಾಮಿಯದೆಂದು ತಿಳಿದು, ಕಣ್ಣೆದುರು ನಿಂತ ಒಡೆಯನಿಗೆ ಹೆದರುವಂತೆ ಹೆದರಿ ಲೆಕ್ಕ ಒಪ್ಪಿಸಬೇಕಾಗುತ್ತದೆ. ಎರಡು ದಾರಿಗಳೂ ಅದೇ ಲೆಕ್ಕದ ಪುಸ್ತಕದ ಬಳಿಗೆ ಬರುತ್ತವೆ. ಲೆಕ್ಕದಲ್ಲಿ ಬರೆದ ಹತ್ತು ಮೂಟೆ ಭತ್ತವು ಯಾರ ಮತದಲ್ಲಿಯೂ ಒಂಬತ್ತಾಗುವುದಿಲ್ಲ.

ಈ ಮಾತು ಬರಿಯ ಪಾಂಡಿತ್ಯದ್ದಲ್ಲವೆಂಬುದಕ್ಕೆ ಪಹಣಿ ಪತ್ರಗಳೇ ಸಾಕ್ಷಿ. ತಮಿಳುನಾಡಿನಲ್ಲಿ ವಂಶಪಾರಂಪರ್ಯದ ಕರ್ಣಂ ಉದ್ಯೋಗವು ೧೯೮೦ರಲ್ಲಿ ರದ್ದಾಗಿ ಗ್ರಾಮ ಆಡಳಿತಾಧಿಕಾರಿಗಳು ಬಂದರು. ಲೆಕ್ಕ ಬರೆಯುವವರು ಬದಲಾದರೂ ಪಟ್ಟಾ, ಚಿಟ್ಟಾ, ಅಡಂಗಲುಗಳ ಅಂಕಣಗಳು ಉಳಿದುವು. ಒಡೆಯನ ಅಂಕಣದಲ್ಲಿ ದೇವರ ಹೆಸರಿದ್ದು, ಅನುಭವದಲ್ಲಿರುವವನ ಹೆಸರು ಪಕ್ಕದಲ್ಲಿ ಸಣ್ಣದಾಗಿ ಸೇರಿ, ಒಂದೆರಡು ತಲೆಮಾರುಗಳಲ್ಲಿ ಸಣ್ಣ ಹೆಸರು ದೊಡ್ಡದಾಗಿ ದೊಡ್ಡ ಹೆಸರು ಅಳಿಸಿಹೋಗುವುದು ಎಲ್ಲ ಸೀಮೆಗಳಲ್ಲಿಯೂ ಇರುವ ರೋಗ. ಮಧ್ಯಪ್ರದೇಶದಿಂದ ಬಂದ ಇಂತಹ ಒಂದು ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ೨೦೨೧ರ ಸೆಪ್ಟೆಂಬರಿನಲ್ಲಿ, ಭೂಮಿಯ ಒಡೆತನದ ಅಂಕಣದಲ್ಲಿ ದೇವರ ಹೆಸರನ್ನು ಮಾತ್ರ ಬರೆಯಬೇಕೆಂದು ಹೇಳಿತು. ಪೂಜಾರಿಯು ದೇವರ ಪರವಾಗಿ ಭೂಮಿಯನ್ನು ನೋಡಿಕೊಳ್ಳುವವನೇ ಹೊರತು ಒಡೆಯನಲ್ಲ. ಸರಕಾರಕ್ಕೆ ಸೇರಿದ ದೇವಸ್ಥಾನವಲ್ಲದಿದ್ದರೆ ಕಲೆಕ್ಟರರ ಹೆಸರನ್ನೂ ವ್ಯವಸ್ಥಾಪಕರೆಂದು ಅಲ್ಲಿ ಸೇರಿಸತಕ್ಕದ್ದಲ್ಲ. ದೇವರ ಒಡೆತನವು ಆದರ್ಶದ ಅರ್ಥದ್ದೆಂದು ೧೯೫೬ರಲ್ಲಿ ಹೇಳಿದ ನ್ಯಾಯಾಲಯವೇ ೨೦೨೧ರಲ್ಲಿ ಆ ಆದರ್ಶದ ಹೆಸರನ್ನು ಬಿಟ್ಟು ಬೇರೆ ಹೆಸರನ್ನು ಅಂಕಣಕ್ಕೆ ಬಿಡಲಿಲ್ಲ. ಇದರಲ್ಲಿ ವಿರೋಧವೇನೂ ಇಲ್ಲ. ಉಪಚಾರದ ಹೆಸರೇ ಇತರ ಹೆಸರುಗಳನ್ನೆಲ್ಲ ಹೊರಗಿಡುವ ಬೇಲಿ.

ಜೀರ್ಣೋದ್ಧಾರವಾದ ಗುಡಿಗೆ ಹೊಸದಾಗಿ ದತ್ತಿ ಬಿಡುವವರೂ, ಹಳೆಯ ದತ್ತಿಯನ್ನು ಹುಡುಕಿ ಹೊರತೆಗೆಯುವವರೂ ಬರೆಸುವ ಕಾಗದಗಳಲ್ಲಿ ದೇವರ ಹೆಸರು ಮೊದಲು ಬರುತ್ತದೆ: ಬೆಟ್ಟರಾಯಸ್ವಾಮಿಯವರು, ಚಂದ್ರಚೂಡೇಶ್ವರಸ್ವಾಮಿಯವರು, ಗ್ರಾಮದೇವತೆ ಮಾರಿಯಮ್ಮನವರು, ಇತ್ಯಾದಿ. ಹೆಸರಿನ ಮುಂದೆ ಒಂದು ಗೀಟು, ಗೀಟಿನ ಮುಂದೆ ‘ಧರ್ಮಕರ್ತರಾದ ಇಂತಹವರ ಮೂಲಕ’ ಎಂದು ಒಬ್ಬ ಮನುಷ್ಯನ ಹೆಸರು. ಆ ಸಾಲಿನಲ್ಲಿ ದೇವರ ಒಡೆತನ ಉಪಚಾರದ್ದು, ವ್ಯಕ್ತಿಯೆಂಬುದು ಉಪಚಾರದ್ದು, ಮೈನರೆಂಬುದು ಬರೆಯದಿದ್ದರೂ ಅಡಗಿರುವ ಉಪಚಾರ. ‘ಮೂಲಕ’ ಎಂಬ ಮೂರಕ್ಷರದ ಪದಕ್ಕೆ ಮಾತ್ರ ವಾಚ್ಯಾರ್ಥವನ್ನು ಬಿಟ್ಟು ಬೇರೆ ಅರ್ಥವಿಲ್ಲ. ಅದರ ಕೆಳಗೆ ರುಜು ಹಾಕತಕ್ಕವನು ಕೈಯಿರುವ, ಹೆಸರಿರುವ, ಊರಿನಲ್ಲಿ ಮನೆಯಿರುವ ಮನುಷ್ಯನು.